ಚಕ್ಕಡಿಯೂ ವೇಗದ ಹುಚ್ಚೂ

ಮಾಘಮಾಸದ ಜಾತ್ರೆಗೆಂದು ಧಾರವಾಡ, ಬೆಳಗಾವಿ ಸೀಮೆಯ ರೈತರು, ಜೂಲ ಹೊದಿಸಿ ಕೊಡಣಸು ತೊಡಿಸಿದ ಎತ್ತುಗಳನ್ನು ಹೂಡಿ, ದಟ್ಟಾರಣ್ಯವನ್ನು ದಾಟಿ ಉಳವಿಯ ಚೆನ್ನಬಸವಣ್ಣನ ಸನ್ನಿಧಿಗೆ ದಿನಗಟ್ಟಲೆ ಚಕ್ಕಡಿಯಲ್ಲಿ ಬರುವುದನ್ನು ಕಂಡಾಗಲೆಲ್ಲ, ಮನುಷ್ಯನಿಗೆ ವೇಗದ ಹುಚ್ಚು ಹತ್ತಿದ ಆದಿಕಾಲವು ನನ್ನ ಸ್ಮರಣೆಗೆ ಬರುತ್ತದೆ. 1898ರ ಡಿಸೆಂಬರಿನಲ್ಲಿ ಪ್ಯಾರಿಸಿನ ಸಮೀಪದ ಅಶೇರ್ ಎಂಬಲ್ಲಿ ಶಾಸ್ಲೂ-ಲೋಬಾ ಎಂಬ ಶ್ರೀಮಂತನು ಗಂಟೆಗೆ 63 ಕಿಲೋಮೀಟರು ವೇಗದಲ್ಲಿ ಕಾರು ಓಡಿಸಿ ಮೊದಲ ದಾಖಲೆಯನ್ನು ಸ್ಥಾಪಿಸಿದನು. ಅದನ್ನು ಬೆಲ್ಜಿಯಮ್ಮಿನ ಕಮೀಲ್ ಜೆನಾಟ್ಜಿ ಮುರಿದನು. ಇವನದನ್ನು ಅವನು ಮತ್ತೆ ಮುರಿದನು. ಹೀಗೆ ಸಾಗಿದ ಪಂತದಲ್ಲಿ, 1899ರ ಏಪ್ರಿಲ್ 29ರಂದು, ಗಾಳಿಯನ್ನು ಸೀಳಲೆಂದೇ ನಯವಾಗಿ ರೂಪಿಸಿದ ವಾಹನದ ಮೇಲೆ, ಚಕ್ಕಡಿ ಹೊಡೆಯುವವನಂತೆ ಎತ್ತರದಲ್ಲಿ ಗಾಳಿಗಡ್ಡವಾಗಿಯೇ ಕುಳಿತು (ವಿಜ್ಞಾನವೂ ಒಮ್ಮೊಮ್ಮೆ ಹೀಗೆ ಮುಗ್ಧವಾಗಿರುತ್ತದೆ), ಜೆನಾಟ್ಜಿಯು ನೂರರ ಗಡಿಯನ್ನು ದಾಟಿದನು. ವಿದ್ಯುತ್ ಕಾರು ಈಗ ತಾನೇ ಹುಟ್ಟಿತೆಂದು ಬೆರಗಾಗುವವರು ಗಮನಿಸಬೇಕು: ಆ ಇಬ್ಬರ ಕಾರುಗಳೂ ಓಡಿದ್ದು ಬ್ಯಾಟರಿಯಿಂದಲೇ.