ಗಾಡಿ ಹೊಡೆಯುವ ವಿದ್ಯೆಗೆ ಎಷ್ಟು ಮೆಟ್ಟಿಲು?

ಒಳ್ಳೆಯ ಗಾಡಿಯವನು ಯಾರು? ಈ ಪ್ರಶ್ನೆಯನ್ನು ನೂರು ವರ್ಷಗಳ ಹಿಂದೆ ಬೆಂಗಳೂರಿನ ದಂಡು ಪ್ರದೇಶದಲ್ಲಿ ಕೇಳಿದ್ದರೆ ಮನೆಗೊಂದು ಉತ್ತರ ಸಿಗುತ್ತಿತ್ತು. ಹೊತ್ತಿಗೆ ಸರಿಯಾಗಿ ರೈಲಿಗೆ ಮುಟ್ಟಿಸುವವನೇ ಒಳ್ಳೆಯವನೆಂದು ಒಬ್ಬರು ಹೇಳುತ್ತಿದ್ದರು. ಬಸುರಿ ಹೆಣ್ಣುಮಗಳನ್ನು ಕೂರಿಸಿಕೊಂಡು ಹಳ್ಳದಿಣ್ಣೆ ತಪ್ಪಿಸಿ ಮೆಲ್ಲಗೆ ಕರೆದೊಯ್ಯುವವನೇ ಒಳ್ಳೆಯವನೆಂದು ಇನ್ನೊಬ್ಬರು. ಶಿವಾಜಿನಗರದ ಸಂತೆಯ ಜನಜಂಗುಳಿಯಲ್ಲಿ ಯಾರ ಕಾಲೂ ತುಳಿಯದೆ, ಯಾರ ಬುಟ್ಟಿಯೂ ಉರುಳದೆ ನುಸುಳಿಬರುವವನೇ ನಿಜವಾದ ಚತುರನೆಂದು ಮೂರನೆಯವರು. ಈ ಮೂರು ಉತ್ತರಗಳನ್ನೂ ನೆನಪಿನಲ್ಲಿ ಇಟ್ಟುಕೊಳ್ಳಿ. ದೂರದ ದೇಶಗಳಲ್ಲಿ ಇಂದು ಕುದುರೆ ಗಾಡಿಯ ಪಂದ್ಯವೆಂದು ನಡೆಯುತ್ತಿರುವುದು ಇದೇ ಮೂರು ಉತ್ತರಗಳ ಪರೀಕ್ಷೆ ಎಂಬುದನ್ನು ಮುಂದೆ ನೋಡುವಿರಂತೆ.

ಮೊದಲು ನಮ್ಮ ಊರಿನ ಮಾತು. ೧೮೦೯ರಲ್ಲಿ ಶ್ರೀರಂಗಪಟ್ಟಣದಿಂದ ಬ್ರಿಟಿಷ್ ಸೈನ್ಯ ಇಲ್ಲಿಗೆ ಬಂದು ಬೀಡುಬಿಟ್ಟ ಮೇಲೆ ಹಲಸೂರಿನ ಸುತ್ತಣ ಬಯಲು ದಂಡಾಯಿತು. ೧೮೬೪ರಲ್ಲಿ ಜೋಲಾರಪೇಟೆಯಿಂದ ದಂಡಿನ ನಿಲ್ದಾಣಕ್ಕೆ ರೈಲು ಬಂದಿತು. ರೈಲು ಬಂದಲ್ಲಿ ಬಾಡಿಗೆ ಗಾಡಿ ಬಾರದೆ ಇರುತ್ತದೆಯೆ? ಎರಡು ಗಾಲಿ, ಕಮಾನಿನ ಮಾಡು, ಒಳಗೆ ಹುಲ್ಲು ಹರಡಿ ಮೇಲೊಂದು ಚಾಪೆ, ಮುಂದೆ ಒಂಟಿ ಕುದುರೆ, ಇದೇ ಜಟಕಾ. ಗಾಡಿ ಹೊಡೆಯುವವನನ್ನು ಜನ ಸಾಹೇಬನೆಂದೇ ಕರೆಯುತ್ತಿದ್ದರು. ೧೯೪೩ರಲ್ಲಿ ಪ್ರಕಟವಾದ ‘ಮಂಕುತಿಮ್ಮನ ಕಗ್ಗ’ದಲ್ಲಿ ಡಿ.ವಿ.ಜಿ.ಯವರು ಮನುಷ್ಯನ ಬಾಳನ್ನು ಈ ಬಂಡಿಗೇ ಹೋಲಿಸಿ, ಹೊಡೆಯುವವನ ಜಾಗದಲ್ಲಿ ವಿಧಿಯನ್ನು ಕೂರಿಸಿದ್ದಾರೆ. ಓದಿದವರಿಗೆಲ್ಲ ಆ ಹೋಲಿಕೆ ಒಡನೆಯೇ ಹಿಡಿಸಿದುದು ಜಟಕಾ ಅಷ್ಟು ಪರಿಚಿತವಾಗಿದ್ದುದರಿಂದ.

ಜಟಕಾದಲ್ಲಿ ಕುಳಿತವರಿಗೆ ಸಾಹೇಬನ ಒಂದು ಮಾತು ಮರೆಯುವುದಿಲ್ಲ: “ಸ್ವಲ್ಪ ಮುಂದೆ ಬನ್ನಿ ಸ್ವಾಮಿ”, ಇಲ್ಲವೆ “ಸ್ವಲ್ಪ ಹಿಂದಕ್ಕೆ ಸರಿಯಿರಿ.” ಅದು ಉಪಚಾರದ ಮಾತಲ್ಲ, ಲೆಕ್ಕದ ಮಾತು. ಎರಡು ಗಾಲಿಯ ಗಾಡಿಯಲ್ಲಿ ಭಾರವೆಲ್ಲ ಅಚ್ಚಿನ ಮೇಲೆ ತೂಗಬೇಕು. ಜನ ಮುಂದೆ ಬಂದರೆ ಮೂಕಿಗಳು ಕುದುರೆಯ ಬೆನ್ನನ್ನು ಅದುಮುತ್ತವೆ. ಹಿಂದೆ ಸರಿದರೆ ಮೂಕಿಗಳು ಮೇಲೆದ್ದು ಹೊಟ್ಟೆಯ ಪಟ್ಟಿ ಕುದುರೆಯನ್ನು ಎತ್ತಿಹಿಡಿಯುತ್ತದೆ. ಲಗಾಮಿನ ಒಂದು ಸಣ್ಣ ತುಯ್ತದಿಂದ ಈ ತೂಕವನ್ನು ಅರಿಯುವುದು ಒಂದು ವಿದ್ಯೆ. ಕಲಿಯಲು ವರ್ಷಗಳೇ ಬೇಕು.

ಈ ವಿದ್ಯೆಯನ್ನು ಸರ್ಕಾರ ಹೇಗೆ ಅಳೆಯಿತು? ೧೮೭೯ರಲ್ಲಿ ಬಾಡಿಗೆ ಗಾಡಿಗಳ ಕಾಯಿದೆಯೊಂದು ಬಂದಿತು. ಪುರಸಭೆಗಳೂ ದಂಡು ಪ್ರದೇಶಗಳೂ ಗಾಡಿಗೆ, ಹೊಡೆಯುವವನಿಗೆ ಪರವಾನಗಿ ಕೊಡಬಹುದು. ಗಾಡಿಗೆ ನಂಬರು ಹಾಕಬಹುದು. ನಿಲ್ಲುವ ಜಾಗ ಗೊತ್ತುಮಾಡಬಹುದು. ಬಾಡಿಗೆಯ ಮಿತಿ, ಜನರ ಮಿತಿ, ರಾತ್ರಿಯ ದೀಪ, ಕುದುರೆಯ ಮತ್ತು ಸಾಮಾನಿನ ಸ್ಥಿತಿ ಇವುಗಳನ್ನೆಲ್ಲ ನಿಯಮಿಸಬಹುದು ಎಂಬುದು ಅದರ ಸಾರ. ಒಳ್ಳೆಯ ಕಾಯಿದೆಯೇ. ಆದರೆ ಗಮನಿಸಿ: ಇದು ಕಟ್ಟಿದುದು ಒಂದೇ ಒಂದು ಹೊಸ್ತಿಲನ್ನು. ಹೊಸ್ತಿಲು ದಾಟಿದವನಿಗೆ ಪರವಾನಗಿ, ದಾಟದವನಿಗೆ ಇಲ್ಲ. ಮೂವತ್ತು ವರ್ಷ ಲಗಾಮು ಹಿಡಿದವನೂ ನಿನ್ನೆ ಹಿಡಿದವನೂ ಒಂದೇ ಸಾಲಿನಲ್ಲಿ ನಿಂತು ಒಂದೇ ಬಾಡಿಗೆ ಕೇಳಬೇಕು. ಹೊಸ್ತಿಲಿನ ಆಚೆಗೆ ಮೆಟ್ಟಿಲೇ ಇರಲಿಲ್ಲ.

ಜಾತ್ರೆಗಳಲ್ಲಿ ಗಾಡಿ ಓಟ ಇದೆಯಲ್ಲ ಎನ್ನಬಹುದು. ನಮ್ಮ ಉತ್ತರದ ಜಿಲ್ಲೆಗಳಲ್ಲಿ ಕುದುರೆ ಗಾಡಿ ಓಡಿಸುವುದುಂಟು. ಜನ ಸೇರುತ್ತಾರೆ, ಕೇಕೆ ಹಾಕುತ್ತಾರೆ. ಆದರೆ ಓಟ ಅಳೆಯುವುದು ಒಂದನ್ನೇ, ಮೊದಲು ಮುಟ್ಟಿದವರಾರು ಎಂಬುದನ್ನು. ಮೆಲ್ಲಗೆ ಹೋಗಬಲ್ಲವನಿಗೆ ಅಲ್ಲಿ ಅಂಕವಿಲ್ಲ. ಕುದುರೆಯನ್ನು ಉಳಿಸಿಕೊಂಡು ತಂದವನಿಗೂ ಅಂಕವಿಲ್ಲ.

ಈ ಕೊರತೆಯನ್ನು ಯೋಚಿಸಿದವರು ಯೂರೋಪಿನಲ್ಲಿ ಇದ್ದರು. ಅಂತರರಾಷ್ಟ್ರೀಯ ಅಶ್ವಕ್ರೀಡಾ ಒಕ್ಕೂಟ ೧೯೨೧ರಲ್ಲಿ ಹುಟ್ಟಿದ್ದು. ೧೯೬೪ರಿಂದ ೧೯೮೬ರವರೆಗೆ ಅದರ ಅಧ್ಯಕ್ಷರಾಗಿದ್ದವರು ಇಂಗ್ಲೆಂಡಿನ ರಾಣಿಯ ಪತಿ ಫಿಲಿಪ್ ರಾಜಕುಮಾರರು. ಅವರ ಕಾಲದಲ್ಲಿಯೇ ಗಾಡಿ ಪಂದ್ಯಕ್ಕೆ ಅಂತರರಾಷ್ಟ್ರೀಯ ನಿಯಮಗಳು ಸಿದ್ಧವಾದುವು. ೧೯೭೧ರಲ್ಲಿ ಬುಡಾಪೆಸ್ಟಿನಲ್ಲಿ ಯೂರೋಪಿನ ಚಾಂಪಿಯನ್‌ಷಿಪ್, ೧೯೭೨ರಲ್ಲಿ ಜರ್ಮನಿಯ ಮ್ಯೂನ್‌ಸ್ಟರಿನಲ್ಲಿ ನಾಲ್ಕು ಕುದುರೆ ಗಾಡಿಗಳ ವಿಶ್ವ ಚಾಂಪಿಯನ್‌ಷಿಪ್ ನಡೆದುವು. ರಾಜಕುಮಾರರು ಪೋಲೋ ಆಟವನ್ನು ಬಿಟ್ಟು ತಾವೂ ಲಗಾಮು ಹಿಡಿದರು. ೧೯೮೦ರಲ್ಲಿ ವಿಂಡ್ಸರಿನಲ್ಲಿ ಚಿನ್ನ ಗೆದ್ದ ಬ್ರಿಟಿಷ್ ತಂಡದಲ್ಲಿ ಅವರೂ ಒಬ್ಬರು.

ಪಂದ್ಯಕ್ಕೆ ಮಾದರಿಯಾದುದು ಸವಾರರ ಮೂರು ಪರೀಕ್ಷೆಗಳ ಸ್ಪರ್ಧೆ. ಅದು ನಮಗೆ ಅಪರಿಚಿತವಲ್ಲ. ಬೆಂಗಳೂರಿನ ಫೌವಾದ್ ಮಿರ್ಜಾ ೨೦೧೮ರ ಏಷ್ಯನ್ ಕ್ರೀಡೆಗಳಲ್ಲಿ ಎರಡು ಬೆಳ್ಳಿ ಪದಕ ಗೆದ್ದುದೂ, ೨೦೨೧ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಿಗೆ ಹೋದುದೂ ಅದೇ ಸ್ಪರ್ಧೆಯಲ್ಲಿ. ಸವಾರನ ಕಾಲ ಕೆಳಗಿದ್ದ ಕುದುರೆಯನ್ನು ಗಾಡಿಯ ಮುಂದೆ ಕಟ್ಟಿದರೆ ಗಾಡಿ ಪಂದ್ಯವಾಯಿತೆಂದು ತಿಳಿಯಿರಿ.

ಮೊದಲನೆಯದು ನಡೆಯ ಪರೀಕ್ಷೆ. ಅಳತೆ ಮಾಡಿದ ಸಮತಟ್ಟು ಅಂಗಳ. ಕುದುರೆ ಹೆಜ್ಜೆ ಹಾಕಬೇಕು, ದುಡುಕಬೇಕು, ವೃತ್ತ ತಿರುಗಬೇಕು, ಹೇಳಿದ ಜಾಗದಲ್ಲಿ ಅಲ್ಲಾಡದೆ ನಿಲ್ಲಬೇಕು. ತೀರ್ಪುಗಾರರು ಒಂದೊಂದು ನಡೆಗೂ ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಡುತ್ತಾರೆ. ಇದು ಬಸುರಿಯನ್ನು ಕರೆದೊಯ್ಯುವ ಗಾಡಿಯವನ ಗುಣ.

ಎರಡನೆಯದು ದೂರದ ಪರೀಕ್ಷೆ, ಮ್ಯಾರಥಾನ್. ಹಲವು ಕಿಲೋಮೀಟರ್ ದಾರಿ. ನಡುನಡುವೆ ಮರದ ಕಂಬಗಳಿಂದಲೋ, ನೀರಿನಿಂದಲೋ, ದಿಣ್ಣೆಯಿಂದಲೋ ಕಟ್ಟಿದ ಅಡ್ಡಿಗಳು. ಒಂದೊಂದು ಅಡ್ಡಿಯೊಳಗೂ ಅಕ್ಷರ ಬರೆದ ಬಾಗಿಲುಗಳು. ಕೆಂಪು ಗುರುತು ಬಲಕ್ಕೆ, ಬಿಳಿಯದು ಎಡಕ್ಕೆ ಇರುವಂತೆ, ಅಕ್ಷರದ ಕ್ರಮದಲ್ಲಿಯೇ ದಾಟಬೇಕು. ಒಳಗೆ ಕಳೆದ ಪ್ರತಿಯೊಂದು ಸೆಕೆಂಡಿಗೂ ಕಾಲು ಅಂಕದ ದಂಡ. ಹಿಂದೆ ನಿಂತ ಸಹಾಯಕ ಗಾಡಿ ವಾಲದಂತೆ ತನ್ನ ಮೈಭಾರವನ್ನು ಅತ್ತಿತ್ತ ಹಾಕುತ್ತಾನೆ. “ಸ್ವಲ್ಪ ಹಿಂದಕ್ಕೆ ಸರಿಯಿರಿ” ಎಂದ ನಮ್ಮ ಸಾಹೇಬನ ಲೆಕ್ಕವೇ ಇದು! ರೈಲಿಗೆ ಹೊತ್ತಿಗೆ ಮುಟ್ಟಿಸುವವನ ಗುಣ ಇಲ್ಲಿ ಬೇಕು.

ಮೂರನೆಯದು ಕೋನುಗಳ ಪರೀಕ್ಷೆ. ಜೋಡಿಜೋಡಿಯಾಗಿ ಕೋನುಗಳನ್ನು ನಿಲ್ಲಿಸಿ, ತಲೆಯ ಮೇಲೆ ಒಂದೊಂದು ಚೆಂಡು ಇಟ್ಟಿರುತ್ತಾರೆ. ಮೇಲಿನ ದರ್ಜೆಯಲ್ಲಿ ಗಾಲಿಗಳ ಅಗಲಕ್ಕಿಂತ ಹೆಚ್ಚಿಗೆ ಸಿಗುವ ಜಾಗ ಸುಮಾರು ಒಂದು ಗೇಣು, ಎರಡೂ ಕಡೆ ಸೇರಿಸಿ! ಚೆಂಡು ಬಿದ್ದರೆ ಮೂರು ಅಂಕದ ದಂಡ; ಹೊತ್ತು ಮೀರಿದರೆ ಅದಕ್ಕೂ ದಂಡ. ಶಿವಾಜಿನಗರದ ಸಂತೆಯಲ್ಲಿ ಬುಟ್ಟಿ ಉರುಳಿಸದೆ ಬಂದವನನ್ನು ನೆನೆಯಿರಿ. ಮೂರರ ದಂಡವನ್ನೂ ಕೂಡಿಸಿ, ಯಾರದು ಕಡಿಮೆಯೋ ಅವರೇ ಗೆದ್ದವರು. ಒಂದರಲ್ಲಿ ಮಾತ್ರ ಜಾಣನಾದವನು ಇಲ್ಲಿ ಗೆಲ್ಲುವುದು ಕಷ್ಟ.

ಇನ್ನು ಮೆಟ್ಟಿಲುಗಳ ವಿಷಯ. ಒಂದೊಂದು ದೇಶದಲ್ಲಿ ಹೆಸರು ಬೇರೆ, ತತ್ತ್ವ ಒಂದೇ. ಅಮೆರಿಕದ ಕ್ರಮವನ್ನು ನೋಡೋಣ. ಮೊದಲನೆಯದು ಟ್ರೈನಿಂಗ್, ಆಮೇಲೆ ಪ್ರಿಲಿಮಿನರಿ, ಇಂಟರ್‌ಮೀಡಿಯೆಟ್, ಕೊನೆಗೆ ಅಡ್ವಾನ್ಸ್ಡ್. ಮೊದಲ ಮೆಟ್ಟಿಲಿನಲ್ಲಿ ಕುದುರೆಯಿಂದ ಕೇಳುವುದು ಹೆಜ್ಜೆ, ಸಹಜವಾದ ದುಡುಕು, ಮತ್ತು ನಿಲ್ಲುವುದು, ಇಷ್ಟೇ. ಅಡ್ಡಿಗಳಲ್ಲಿ ಬಾಗಿಲುಗಳು ಕಡಿಮೆ, ಕೋನುಗಳ ನಡುವೆ ಜಾಗ ಹೆಚ್ಚು, ವೇಗ ಮಿತ. ಮೇಲೇರಿದಂತೆ ದುಡುಕನ್ನು ಉದ್ದ ಮಾಡುವುದು, ಹಿಂದಕ್ಕೆ ನಡೆಸುವುದು, ಹೆಜ್ಜೆಯನ್ನು ಒತ್ತಾಗಿ ಕೂಡಿಸಿ ತರುವುದು ಬರುತ್ತವೆ. ಬಾಗಿಲುಗಳು ಹೆಚ್ಚುತ್ತವೆ, ಜಾಗ ಕಿರಿದಾಗುತ್ತದೆ.

ದೇಶದೊಳಗಣ ಮೆಟ್ಟಿಲುಗಳನ್ನು ಏರಿದವರಿಗೆ ಅಂತರರಾಷ್ಟ್ರೀಯ ಮೆಟ್ಟಿಲುಗಳು. ಅಲ್ಲಿ ಪಂದ್ಯಗಳಿಗೆ ನಕ್ಷತ್ರಗಳ ಗುರುತು: ಒಂದು ನಕ್ಷತ್ರ, ಎರಡು, ಮೂರು ಎಂದು ಏರುತ್ತದೆ. ಕೆಳಗಿನದನ್ನು ಗೊತ್ತಾದ ಮಟ್ಟದಲ್ಲಿ ಪೂರೈಸಿದವರಿಗೇ ಮೇಲಿನದರ ಬಾಗಿಲು. ಹಣ ಇದೆಯೆಂದು, ಕುದುರೆ ಚೆನ್ನಾಗಿದೆಯೆಂದು ನೇರವಾಗಿ ವಿಶ್ವ ಚಾಂಪಿಯನ್‌ಷಿಪ್ಪಿಗೆ ಹೋಗುವಂತಿಲ್ಲ. ಇದರ ಜೊತೆಗೆ ಅಡ್ಡಲಾಗಿ ಇನ್ನೊಂದು ವಿಂಗಡಣೆ: ಒಂಟಿ ಕುದುರೆ, ಜೋಡಿ, ನಾಲ್ಕು ಕುದುರೆ ಎಂದು; ತಟ್ಟುಗಳಿಗೆ ಬೇರೆ, ಮಕ್ಕಳಿಗೂ ತರುಣರಿಗೂ ಬೇರೆ. ವಿಶ್ವಮಟ್ಟದಲ್ಲಿ ಜೋಡಿಗಳ ಚಾಂಪಿಯನ್‌ಷಿಪ್ ೧೯೮೫ರಲ್ಲಿ, ಒಂಟಿ ಕುದುರೆಯದು ೧೯೯೮ರಲ್ಲಿ ಆರಂಭವಾದುವು. ನಮ್ಮ ಜಟಕಾದ ಬಳಗವಾದ ಒಂಟಿ ಕುದುರೆಗೆ ಸರದಿ ಕೊನೆಗೆ ಬಂದುದು ವಿಚಿತ್ರವೇ ಸರಿ.

ಈಗ ನೀವು ಕೇಳಬಹುದು: ಇಷ್ಟೊಂದು ಮೆಟ್ಟಿಲು ಏತಕ್ಕೆ? ಬಲ್ಲವನು ನೇರವಾಗಿ ಮೇಲೇರಬಾರದೆ?

ಬಾರದು. ಏಕೆಂದರೆ ಮೇಲೇರುವವರು ಇಬ್ಬರು. ಓಟಗಾರನು ತನ್ನ ಕಾಲಿನ ನೋವನ್ನು ತಾನೇ ಹೇಳಬಲ್ಲ, ಕುದುರೆ ಹೇಳಲಾರದು. ಹೆದರಿದರೂ, ದಣಿದರೂ, ಕಡಿವಾಣ ಬಾಯಿಯನ್ನು ಕೊಯ್ದರೂ, ಅದು ಮೊದಲು ಎಳೆಯುತ್ತಲೇ ಇರುತ್ತದೆ. ಆದುದರಿಂದ ಮೇಲಿನದನ್ನು ಕೇಳುವ ಮೊದಲು ಕೆಳಗಿನದು ಅದಕ್ಕೆ ಸುಲಭವಾಗಿದೆಯೆ ಎಂದು ನೋಡಬೇಕು. ಅನುಭವಿಯಾದ ಗಾಡಿಯವನೂ ಹೊಸ ಕುದುರೆ ಕಟ್ಟಿದರೆ ಕೆಳಗಿನ ಮೆಟ್ಟಿಲಿನಿಂದ ಅದನ್ನು ಏರಿಸಿಕೊಂಡು ಬರುತ್ತಾನೆ. ಅದರಲ್ಲಿ ಅವನಿಗೆ ಅವಮಾನವಿಲ್ಲ. ಪಂದ್ಯದ ನಡುವೆ ಪಶುವೈದ್ಯರ ತಪಾಸಣೆಯೂ ಉಂಟು. ಕುಂಟುವ ಕುದುರೆಗೆ ಪಂದ್ಯ ಮುಗಿದಂತೆಯೇ, ಹೊಡೆಯುವವನು ಎಷ್ಟೇ ದೊಡ್ಡವನಾಗಿರಲಿ.

ನಮ್ಮ ದೇಶದ ಕಾಯಿದೆಯೂ ಈ ಮೂಕಜೀವಿಯನ್ನು ಮರೆತಿಲ್ಲ. ೧೯೬೦ರ ಪ್ರಾಣಿ ಹಿಂಸೆ ತಡೆ ಕಾಯಿದೆಯ ಅಡಿಯಲ್ಲಿ ೧೯೬೫ರಲ್ಲಿ ಬಂದ ನಿಯಮಗಳ ಪ್ರಕಾರ, ಪ್ರಾಣಿ ಎಳೆಯುವ ಗಾಡಿಯಲ್ಲಿ ಹೊಡೆಯುವವನನ್ನೂ ಆರು ವರ್ಷದೊಳಗಿನ ಮಕ್ಕಳನ್ನೂ ಬಿಟ್ಟು ನಾಲ್ಕು ಜನಕ್ಕಿಂತ ಹೆಚ್ಚು ಕೂರಬಾರದು. ದಿನಕ್ಕೆ ಒಟ್ಟು ಒಂಬತ್ತು ಗಂಟೆಗಿಂತ, ಬಿಡುವಿಲ್ಲದೆ ಐದು ಗಂಟೆಗಿಂತ ಹೆಚ್ಚು ದುಡಿಸಬಾರದು. ಬಿಸಿಲು ೩೭ ಡಿಗ್ರಿ ದಾಟುವ ಕಡೆ ಹಗಲು ಹನ್ನೆರಡರಿಂದ ಮೂರರವರೆಗೆ ಕಟ್ಟಬಾರದು. ಇವು ಕೆಟ್ಟದ್ದನ್ನು ತಡೆಯುವ ನಿಯಮಗಳು, ಇರಲೇಬೇಕಾದುವು. ಆದರೆ ದಂಡ ತಪ್ಪಿಸಿಕೊಳ್ಳಲು ಕುದುರೆಯನ್ನು ನೋಡಿಕೊಳ್ಳುವುದು ಬೇರೆ, ಅದನ್ನು ನೋಡಿಕೊಂಡುದಕ್ಕೇ ಮರ್ಯಾದೆ ಸಿಗುವುದು ಬೇರೆ. ಹೊಸ್ತಿಲಿಗೂ ಮೆಟ್ಟಿಲಿಗೂ ಇರುವ ವ್ಯತ್ಯಾಸ ಇದೇ.

ಬೆಂಗಳೂರಿನಲ್ಲಿ ಜಟಕಾದ ಕಾಲ ಮುಗಿಯಿತು. ಬಸ್ಸು ಬಂದಿತು, ಆಟೋ ರಿಕ್ಷಾ ಬಂದಿತು. ಬಾಡಿಗೆ ಹೋದಾಗ ವಿದ್ಯೆಯೂ ಅದರ ಹಿಂದೆಯೇ ಹೋಯಿತು, ಏಕೆಂದರೆ ಆ ವಿದ್ಯೆಗೆ ಬಾಡಿಗೆಯಲ್ಲದೆ ಬೇರೆ ಬೆಲೆಯನ್ನು ನಾವು ಕಟ್ಟಿರಲಿಲ್ಲ. ಯೂರೋಪಿನಲ್ಲಿಯೂ ಬಾಡಿಗೆ ಗಾಡಿ ಹೋಯಿತು. ಆದರೆ ಅಲ್ಲಿ ಹೊಡೆಯುವ ಕೈಗೆ ಪಂದ್ಯದ ಅಂಗಳವೊಂದು ಉಳಿಯಿತು.

ಮೈಸೂರಿನಲ್ಲಿ ಟಾಂಗಾಗಳು ಇನ್ನೂ ಇವೆ. ದಸರೆಯ ಹೊತ್ತಿನಲ್ಲಿ ಪಾರಂಪರಿಕ ಕಟ್ಟಡಗಳನ್ನು ತೋರಿಸುವ ಟಾಂಗಾ ಸವಾರಿಯನ್ನೂ ಏರ್ಪಡಿಸುತ್ತ ಬಂದಿದ್ದಾರೆ. ದಿಲ್ಲಿಯಲ್ಲಿ ರಾಷ್ಟ್ರಪತಿಗಳ ಸಾರೋಟು ನಲವತ್ತು ವರ್ಷಗಳ ಮೇಲೆ ೨೦೨೪ರ ಗಣರಾಜ್ಯ ದಿನದಂದು ಮತ್ತೆ ಕರ್ತವ್ಯಪಥಕ್ಕೆ ಇಳಿಯಿತು. ನೋಡಲು ಚೆಂದ. ಆದರೆ ನೋಟಕ್ಕೆ ಮಾತ್ರ ಉಳಿದದ್ದು ಹೆಚ್ಚು ದಿನ ಬಾಳುವುದಿಲ್ಲ. ಮೈಸೂರಿನ ಮೈದಾನವೊಂದರಲ್ಲಿ ಟಾಂಗಾದವರಿಗಾಗಿಯೇ ಒಂದು ಚಿಕ್ಕ ಪರೀಕ್ಷೆ ಇಡಲು ಏನು ಖರ್ಚು? ಬೆಲೆಯ ಕೋನು ಬೇಡ. ಎರಡು ಇಟ್ಟಿಗೆಯ ಮೇಲೆ ಒಂದೊಂದು ನಿಂಬೆಹಣ್ಣು ಸಾಕು. ಮೊದಲ ಅಂಕ ಕುದುರೆಯ ಮೈಗೆ: ಲಾಳ ಸರಿಯಿದೆಯೆ, ಜೀನಿನ ಕೆಳಗೆ ಹುಣ್ಣಿಲ್ಲವೆ, ಬಾಯಿಯ ಅಂಚು ಒಡೆದಿಲ್ಲವೆ? ಎರಡನೆಯ ಅಂಕ ನಿಲ್ಲಿಸಿದ ಕಡೆ ನಿಲ್ಲುವುದಕ್ಕೆ. ಮೂರನೆಯದು ನಿಂಬೆಹಣ್ಣು ಬೀಳದಿರುವುದಕ್ಕೆ. ವೇಗದ ಅಂಕ ಕಟ್ಟಕಡೆಗೆ. ಮುಂದಿನ ವರ್ಷ ಗೆದ್ದವನಿಗೆ ಇನ್ನೊಂದು ಮೆಟ್ಟಿಲು, ಹೊಸಬನಿಗೆ ಮೊದಲಿನದೇ.

ಅದು ಆಗುವವರೆಗೆ ನೀವು ಮಾಡಬಹುದಾದ ಕೆಲಸವೂ ಒಂದಿದೆ. ಮುಂದಿನ ಸಲ ಟಾಂಗಾ ಹತ್ತುವಾಗ ಬಾಡಿಗೆ ಕೇಳುವ ಮೊದಲು ಕುದುರೆಯನ್ನು ಒಮ್ಮೆ ನೋಡಿ. ಕಿವಿ ಮುಂದಕ್ಕಿದೆಯೆ, ಕಣ್ಣು ತಿಳಿಯಾಗಿದೆಯೆ, ನಾಲ್ಕು ಕಾಲಿನ ಮೇಲೂ ಸಮನಾಗಿ ನಿಂತಿದೆಯೆ? ಹಾಗಿದ್ದರೆ ಆ ಗಾಡಿಯವನಿಗೆ ಅವನ ಕುದುರೆ ಚೆನ್ನಾಗಿದೆ ಎಂದು ಒಂದು ಮಾತು ಹೇಳಿ, ಆಮೇಲೆ ಹತ್ತಿ. ಅವನ ವಿದ್ಯೆಯನ್ನು ಕಂಡವರು ಒಬ್ಬರಾದರೂ ಇದ್ದಾರೆಂದು ಅವನಿಗೆ ತಿಳಿಯಲಿ.