ಕೋಶಾಧಿಪತಿಯೂ ಜನಪದವೂ

(ಮಹೋತ್ಸವದ ಸಭೆಯಲ್ಲಿ ಮಾಡಿದ ಉಪನ್ಯಾಸ)



ರಾಜ್ಯಕ್ಕೆ ಏಳು ಅಂಗಗಳೆಂದು ನೀತಿಶಾಸ್ತ್ರಕಾರರು ಹೇಳಿರುವರು. ಸ್ವಾಮಿ, ಅಮಾತ್ಯ, ಜನಪದ, ದುರ್ಗ, ಕೋಶ, ದಂಡ, ಮಿತ್ರ ಎಂಬಿವೇ ಆ ಸಪ್ತಾಂಗಗಳು. ಕೋಶವಿಲ್ಲದೆ ಯಾವ ಕಾರ್ಯವೂ ಆರಂಭವಾಗಲಾರದೆಂದು ಒತ್ತಿ ಹೇಳಿದ ಕೌಟಿಲ್ಯನೇ ಕೋಶವನ್ನು ಐದನೆಯ ಸ್ಥಾನದಲ್ಲಿಟ್ಟು, ಜನಪದವನ್ನು ಮೂರನೆಯ ಸ್ಥಾನದಲ್ಲಿಟ್ಟನೆಂಬುದು ಆಲೋಚಿಸತಕ್ಕ ವಿಷಯವು. ಹೊಲವು ಬೆಳೆದಲ್ಲದೆ ಕಣಜವು ತುಂಬದು. ಆದಕಾರಣ ಕಣಜವನ್ನು ಕಾಯುವವನು ಎಷ್ಟೇ ಸಮರ್ಥನಾದರೂ ಕಟ್ಟಕಡೆಗೆ ಹೊಲದವನ ಮುಂದೆ ನಿಂತು ಉತ್ತರ ಹೇಳಲೇಬೇಕು. ರಾಜರ ಕಾಲದಲ್ಲಿ ಈ ಉತ್ತರವನ್ನು ಕೇಳುವ ದಾರಿ ಪ್ರಜೆಗಳಿಗೆ ಸುಲಭವಾಗಿರಲಿಲ್ಲ. ಪ್ರಜಾಪ್ರಭುತ್ವದ ಕಾಲದಲ್ಲಿ ಅದಕ್ಕೆ ಚುನಾವಣೆಯೆಂದು ಹೆಸರು.

ಈ ತತ್ತ್ವವು ಪುಸ್ತಕದಲ್ಲಿ ಮಾತ್ರ ಉಳಿಯದೆ ಚಿಕ್ಕಬಳ್ಳಾಪುರದ ಸೀಮೆಯಲ್ಲಿ ಪ್ರತ್ಯಕ್ಷವಾಗಿ ಕಂಡುಬಂದಿರುವುದು. ರಾಜ್ಯದ ಬೊಕ್ಕಸದ ಭಾರವನ್ನು ಹೊತ್ತಿದ್ದ ಶ್ರೀಮಾನ್ ಎಂ. ವೀರಪ್ಪ ಮೊಯಿಲಿಯವರು ಈ ಕ್ಷೇತ್ರದಲ್ಲಿ ಮೂರು ಬಾರಿ ಜನರ ಮುಂದೆ ನಿಂತರು. ಆ ಚರಿತ್ರೆಯನ್ನು ಸ್ತುತಿಯೂ ಇಲ್ಲದೆ ನಿಂದೆಯೂ ಇಲ್ಲದೆ ಸಭೆಯ ಮುಂದೆ ನಿವೇದಿಸುವುದೇ ಈ ಉಪನ್ಯಾಸದ ಉದ್ದೇಶವು.

ಮೊಯಿಲಿಯವರು 1940ನೆಯ ಇಸವಿ ಜನವರಿ 12ರಂದು ಮೂಡಬಿದಿರೆಯ ಬಳಿಯ ಮಾರ್ಪಾಡಿಯಲ್ಲಿ ಜನಿಸಿದರು. ಕಾನೂನನ್ನು ವ್ಯಾಸಂಗಮಾಡಿ ವಕೀಲರಾದರು. 1972ರಲ್ಲಿ ಕಾರ್ಕಳದಿಂದ ವಿಧಾನಸಭೆಗೆ ಆರಿಸಿಬಂದು, ಅಲ್ಲಿಂದ 1999ರ ಪರ್ಯಂತ ಆ ಒಂದೇ ಕ್ಷೇತ್ರವನ್ನು ಪ್ರತಿನಿಧಿಸಿದರು. ದೇವರಾಜ ಅರಸರ ಸಂಪುಟದಲ್ಲಿ ಸಣ್ಣ ಕೈಗಾರಿಕೆಗಳ ಭಾರವನ್ನೂ, ಗುಂಡೂರಾಯರ ಸಂಪುಟದಲ್ಲಿ 1980ರಿಂದ 1982ರ ವರೆಗೆ ಹಣಕಾಸು ಮತ್ತು ಯೋಜನೆಯ ಭಾರವನ್ನೂ ವಹಿಸಿದರು. ಆಮೇಲೆ ವಿರೋಧ ಪಕ್ಷದ ನಾಯಕರಾಗಿ, ಪುನಃ ಮಂತ್ರಿಗಳಾಗಿ, 1992ರ ನವೆಂಬರ್ 19ರಿಂದ 1994ರ ಡಿಸೆಂಬರ್ 11ರ ವರೆಗೆ ಮುಖ್ಯಮಂತ್ರಿಗಳಾಗಿದ್ದರು. 1994ರ ಚುನಾವಣೆಯಲ್ಲಿ ಅವರ ಪಕ್ಷವು ರಾಜ್ಯದಲ್ಲಿ ಅಧಿಕಾರವನ್ನು ಕಳೆದುಕೊಂಡರೂ ಕಾರ್ಕಳದವರು ಅವರನ್ನು ಕೈಬಿಡಲಿಲ್ಲ.

ಮಂತ್ರಿಪದವಿಯು ಹೋದ ಮೇಲೆಯೂ ಬೊಕ್ಕಸದ ವಿದ್ಯೆಯು ಅವರನ್ನು ಬಿಡಲಿಲ್ಲ. 2000ದಿಂದ 2002ರ ವರೆಗೆ ಅವರು ಕರ್ನಾಟಕದ ತೆರಿಗೆ ಸುಧಾರಣಾ ಆಯೋಗದ ಅಧ್ಯಕ್ಷರಾಗಿದ್ದರು. 2005ರಲ್ಲಿ ಅವರ ಅಧ್ಯಕ್ಷತೆಯಲ್ಲಿ ರಚಿತವಾದ ಕೇಂದ್ರದ ಎರಡನೆಯ ಆಡಳಿತ ಸುಧಾರಣಾ ಆಯೋಗವು 15 ವರದಿಗಳನ್ನು ಸಿದ್ಧಪಡಿಸಿತು. ಸರ್ಕಾರವು ಪ್ರಜೆಗಳಿಗೆ ಹೇಗೆ ಉತ್ತರವಾದಿಯಾಗಬೇಕೆಂಬುದೇ ಆ ವರದಿಗಳ ಮುಖ್ಯ ವಿಚಾರಗಳಲ್ಲಿ ಒಂದು. ಇದರ ನಡುವೆ ಕನ್ನಡದಲ್ಲಿ ರಾಮಾಯಣದ ಕಥೆಯನ್ನು ಮಹಾಕಾವ್ಯವಾಗಿ ಬರೆದು, ಅದಕ್ಕಾಗಿ 2014ನೆಯ ಸಾಲಿನ ಸರಸ್ವತೀ ಸಮ್ಮಾನವನ್ನೂ ಪಡೆದರು.

ಆದರೆ ಜನರ ಮತವು ಪಾಂಡಿತ್ಯವನ್ನು ನೋಡಿ ಬರುವುದಲ್ಲ. 1999ರಲ್ಲಿಯೂ 2004ರಲ್ಲಿಯೂ ಅವರು ತಮ್ಮ ಕರಾವಳಿಯ ಮಂಗಳೂರು ಕ್ಷೇತ್ರದಿಂದ ಲೋಕಸಭೆಗೆ ನಿಂತು ಸೋತರು. ಹುಟ್ಟಿದ ನೆಲವು ಒಲಿಯದಿರಲು, 2009ರಲ್ಲಿ ಘಟ್ಟವನ್ನು ಹತ್ತಿ ಚಿಕ್ಕಬಳ್ಳಾಪುರಕ್ಕೆ ಬಂದರು.

ಅವರು ಬಂದ ಸೀಮೆಯು ಎಂತಹುದೆಂಬುದನ್ನು ಈ ಸಭೆಗೆ ವಿವರಿಸಬೇಕಾಗಿಲ್ಲ. ನಂದಿಯ ಬೆಟ್ಟಗಳ ಸುತ್ತಿನಲ್ಲಿ ಉತ್ತರಪಿನಾಕಿನಿ, ದಕ್ಷಿಣಪಿನಾಕಿನಿ, ಪಾಲಾರ್, ಚಿತ್ರಾವತಿಗಳು ಹುಟ್ಟುವುವು. ಆದರೆ ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ಪೂರ್ವಿಕರು ಊರೂರಿಗೆ ಕೆರೆಗಳನ್ನು ಕಟ್ಟಿ ಬದುಕಿದರು. ಕೆರೆಗಳು ಹೂಳಿನಿಂದ ತುಂಬಿದವು, ಬಾವಿಗಳು ಬತ್ತಿದವು, ಕೊಳವೆಬಾವಿಗಳು ಸಾವಿರ ಅಡಿಗಳಿಗಿಂತ ಕೆಳಕ್ಕೆ ಇಳಿದವು, ಅಷ್ಟು ಆಳದಿಂದ ಬಂದ ನೀರಿನಲ್ಲಿ ಫ್ಲೋರೈಡ್ ಎಂಬ ದೋಷವು ಸೇರಿ ಮಕ್ಕಳ ಹಲ್ಲನ್ನೂ ಹಿರಿಯರ ಮೂಳೆಯನ್ನೂ ಕೆಡಿಸಿತು. ಶಿಡ್ಲಘಟ್ಟದ ರೇಷ್ಮೆಗೂಡು, ಚಿಕ್ಕಬಳ್ಳಾಪುರದ ದ್ರಾಕ್ಷಿ, ಚಿಂತಾಮಣಿಯ ತೋಟಗಳ ಫಲ, ಇವೆಲ್ಲವೂ ಈ ಪಾತಾಳಜಲದ ಸಾಲದಿಂದಲೇ ಬೆಳೆದವು.

ಈ ಸೀಮೆಯವರು ಕೇಳಲು ಅಂಜುವವರೂ ಅಲ್ಲ. ಗೌರಿಬಿದನೂರಿನ ಬಳಿಯ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ಧ್ವಜಸತ್ಯಾಗ್ರಹಕ್ಕಾಗಿ ನೆರೆದ ಜನರು ಗುಂಡಿಗೆ ಎದೆಯೊಡ್ಡಿದರು. ಜವಾಬ್ದಾರಿ ಸರ್ಕಾರ ಬೇಕೆಂಬುದೇ ಆ ಕಾಲದ ಹೋರಾಟದ ಬೇಡಿಕೆಯಾಗಿತ್ತು. ಜವಾಬ್ದಾರಿಯೆಂದರೆ ಉತ್ತರ ಹೇಳುವ ಹೊಣೆಯಲ್ಲದೆ ಬೇರೇನು?

2009ರಲ್ಲಿ ಮೊಯಿಲಿಯವರು 51,381 ಮತಗಳ ಅಂತರದಿಂದ ಗೆದ್ದರು. ದಿಲ್ಲಿಯಲ್ಲಿ ಮೊದಲು ಕಾನೂನು, ತರುವಾಯ ಕಂಪನಿ ವ್ಯವಹಾರಗಳು, ವಿದ್ಯುತ್ತು, ಕಡೆಗೆ ಪೆಟ್ರೋಲಿಯಂ, ಹೀಗೆ ಒಂದಾದ ಮೇಲೊಂದು ಖಾತೆಗಳು ಅವರಿಗೆ ಬಂದವು. ಇತ್ತ ಕ್ಷೇತ್ರದ ಜನರು ಕೇಳಿದ್ದು ಒಂದೇ, ಅದು ನೀರು.

ಎತ್ತಿನಹೊಳೆಯ ಮಾತು ಇಲ್ಲಿ ಬರುವುದು. ಸಕಲೇಶಪುರದ ಕಡೆಯ ಘಟ್ಟದಲ್ಲಿ ಹುಟ್ಟಿ ಪಶ್ಚಿಮಕ್ಕೆ ಇಳಿದು ನೇತ್ರಾವತಿಯನ್ನು ಸೇರುವ ಹೊಳೆಗಳಿಂದ ಮಳೆಗಾಲದಲ್ಲಿ 24 ಟಿ.ಎಂ.ಸಿ. ನೀರನ್ನು ಮೇಲಕ್ಕೆತ್ತಿ, ಪೂರ್ವದ 7 ಜಿಲ್ಲೆಗಳಿಗೆ ಕುಡಿಯುವ ನೀರನ್ನು ಕೊಡುವುದೂ, 527 ಕೆರೆಗಳನ್ನು ತುಂಬಿಸುವುದೂ ಆ ಯೋಜನೆಯ ಉದ್ದೇಶವು. ಮೊಯಿಲಿಯವರು ಅದಕ್ಕೆ ಬೆಂಬಲವಾಗಿ ನಿಂತರು. 2014ರ ಮಾರ್ಚ್ ತಿಂಗಳಲ್ಲಿ, ಲೋಕಸಭಾ ಚುನಾವಣೆಯು ಘೋಷಿತವಾಗುವುದಕ್ಕೆ ಕೆಲವೇ ದಿನಗಳ ಮುಂಚೆ, ಮುಖ್ಯಮಂತ್ರಿ ಸಿದ್ದರಾಮಯ್ಯನವರು ಚಿಕ್ಕಬಳ್ಳಾಪುರದಲ್ಲಿ ಅದರ ಶಂಕುಸ್ಥಾಪನೆಯನ್ನು ಮಾಡಿದರು.

ಮಹಾಶಯರೇ, ಇದರಲ್ಲಿರುವ ಧರ್ಮಸಂಕಟವನ್ನು ಗಮನಿಸಬೇಕು. ನೀರು ಹೊರಡತಕ್ಕದ್ದು ಅವರು ಹುಟ್ಟಿದ ಕರಾವಳಿಯ ನದಿಯಿಂದ. ಮುಟ್ಟತಕ್ಕದ್ದು ಅವರನ್ನು ಆರಿಸಿದ ಬಯಲಿಗೆ. ಕರಾವಳಿಯವರು, ತಮ್ಮ ತಾಯಿನದಿಯು ಬಡವಾಗುವುದು, ಘಟ್ಟದ ಕಾಡು ಹಾಳಾಗುವುದು ಎಂದು ಪ್ರತಿಭಟಿಸಿದರು. ತಮ್ಮವರೇ ತಮಗೆ ಎದುರಾದರೆಂದು ನೊಂದರು. ಅಷ್ಟು ನೀರು ಆ ಹೊಳೆಗಳಲ್ಲಿ ದೊರೆಯುವುದೇ ಎಂದು ವಿಜ್ಞಾನಿಗಳು ಶಂಕಿಸಿದರು. ಬಯಲಿನವರೋ, ಈ ನೀರು ಎಂದಿಗೂ ಬಾರದೆಂದೂ, ಬಂದರೂ ಸಾಲದೆಂದೂ, ಶಾಶ್ವತ ನೀರಾವರಿಯೇ ಬೇಕೆಂದೂ ಹೋರಾಟಕ್ಕೆ ನಿಂತರು. ಹೀಗೆ ಕೊಡುವ ನಾಡಿಗೂ ಪಡೆಯುವ ನಾಡಿಗೂ ಏಕಕಾಲದಲ್ಲಿ ಉತ್ತರ ಹೇಳಬೇಕಾದ ಸ್ಥಿತಿಯು ಅವರಿಗೆ ಒದಗಿತು.

2014ರ ಚುನಾವಣೆಯಲ್ಲಿ ಭಾರತೀಯ ಜನತಾ ಪಕ್ಷದ ಬಿ.ಎನ್. ಬಚ್ಚೇಗೌಡರೂ, ಜಾತ್ಯತೀತ ಜನತಾದಳದ ಹೆಚ್.ಡಿ. ಕುಮಾರಸ್ವಾಮಿಯವರೂ ಎದುರಾಗಿ ನಿಂತರು. ಮೊಯಿಲಿಯವರು ಗೆದ್ದರು, ಆದರೆ ಬಚ್ಚೇಗೌಡರಿಗಿಂತ ಅವರಿಗೆ ಹೆಚ್ಚಾಗಿ ಬಂದದ್ದು 9,520 ಮತಗಳು ಮಾತ್ರ. 51,381ರಿಂದ 9,520ಕ್ಕೆ ಇಳಿದ ಈ ಸಂಖ್ಯೆಯು ಜನಪದವು ಕೊಟ್ಟ ಎಚ್ಚರಿಕೆಯ ಪತ್ರದಂತಿತ್ತು.

ಆ ಮೇಲಿನ ಐದು ವರ್ಷಗಳು ವಿಚಿತ್ರವಾದವು. ಮೊಯಿಲಿಯವರು ಸಂಸತ್ತಿನ ಹಣಕಾಸಿನ ಸ್ಥಾಯೀ ಸಮಿತಿಗೆ ಅಧ್ಯಕ್ಷರಾದರು. 2016ರ ನವೆಂಬರ್ 8ರಂದು ಐದುನೂರು, ಸಾವಿರ ರೂಪಾಯಿಗಳ ನೋಟುಗಳು ರದ್ದಾದವಷ್ಟೆ. 2017ರ ಜನವರಿಯಲ್ಲಿ ಆ ವಿಷಯವಾಗಿ ರಿಸರ್ವ್ ಬ್ಯಾಂಕಿನ ಗವರ್ನರಾದ ಊರ್ಜಿತ್ ಪಟೇಲರೇ ಈ ಸಮಿತಿಯ ಮುಂದೆ ಬಂದು ಉತ್ತರ ಹೇಳಬೇಕಾಯಿತು. ದಿಲ್ಲಿಯಲ್ಲಿ ದೇಶದ ಹಣದ ಲೆಕ್ಕವನ್ನು ಕೇಳುತ್ತಿದ್ದವರನ್ನು ಊರಿನ ರೈತರು ನೀರಿನ ಲೆಕ್ಕವನ್ನು ಕೇಳುತ್ತಿದ್ದರು. 2016ರಲ್ಲಿ ರೈತರು ಟ್ರಾಕ್ಟರುಗಳನ್ನೇರಿ ರಾಜಧಾನಿಯ ಕಡೆಗೆ ಹೊರಟದ್ದು ಈ ಲೆಕ್ಕವನ್ನು ಕೇಳುವುದಕ್ಕಾಗಿಯೇ.

2019ರಲ್ಲಿ ಉತ್ತರವು ಬಂದಿತು. ಅದೇ ಬಚ್ಚೇಗೌಡರ ಎದುರಿನಲ್ಲಿ ಮೊಯಿಲಿಯವರು 1,82,110 ಮತಗಳ ಅಂತರದಿಂದ ಸೋತರು.

ಈ ಸೋಲಿಗೆ ನೀರೊಂದೇ ಕಾರಣವೆಂದರೆ ಸತ್ಯಕ್ಕೆ ಅಪಚಾರವಾದೀತು. ಆ ವರ್ಷ ರಾಜ್ಯದ 28 ಕ್ಷೇತ್ರಗಳಲ್ಲಿ 25ನ್ನು ಭಾರತೀಯ ಜನತಾ ಪಕ್ಷವೇ ಗೆದ್ದಿತು. ದೇಶದಲ್ಲೆಲ್ಲ ಬೀಸಿದ ಗಾಳಿಯು ಇಲ್ಲಿಯೂ ಬೀಸಿತು. ಆದರೂ ನೆರೆಯ ತಾಲ್ಲೂಕುಗಳನ್ನು ನೋಡಿದರೆ ವಿಷಯವು ಇನ್ನಷ್ಟು ಸ್ಪಷ್ಟವಾಗುವುದು. ಶಿಡ್ಲಘಟ್ಟವೂ ಚಿಂತಾಮಣಿಯೂ 2007ರಲ್ಲಿ ಏರ್ಪಟ್ಟ ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿದವಾದರೂ ಲೋಕಸಭೆಯ ಮಟ್ಟಿಗೆ ಕೋಲಾರ ಕ್ಷೇತ್ರಕ್ಕೆ ಸೇರಿವೆ. ಅಲ್ಲಿ 1991ರಿಂದ ಎಡೆಬಿಡದೆ ಏಳು ಬಾರಿ ಗೆದ್ದಿದ್ದ ಕೆ.ಹೆಚ್. ಮುನಿಯಪ್ಪನವರೂ ಅದೇ 2019ರಲ್ಲಿ ಸೋತರು. ಗಡಿಗೆರೆಯು ಮತಪತ್ರವನ್ನು ಬೇರೆ ಮಾಡಿತು, ಬಾಯಾರಿಕೆಯನ್ನು ಬೇರೆ ಮಾಡಲಿಲ್ಲ.

2024ರಲ್ಲಿ ಮೊಯಿಲಿಯವರು ಉಮೇದುವಾರರಾಗಿ ನಿಲ್ಲಲಿಲ್ಲ. ಕ್ಷೇತ್ರವು ಡಾಕ್ಟರ್ ಕೆ. ಸುಧಾಕರರನ್ನು ಆರಿಸಿತು. ಅದೇ ವರ್ಷದ ಸೆಪ್ಟೆಂಬರ್ 6ರಂದು ಎತ್ತಿನಹೊಳೆಯ ಮೊದಲನೆಯ ಹಂತವು ಸಕಲೇಶಪುರದ ಕಡೆಯಲ್ಲಿ ಉದ್ಘಾಟಿತವಾಯಿತು. 2012ರಲ್ಲಿ 8,323 ಕೋಟಿ ರೂಪಾಯಿಗಳೆಂದು ಅಂದಾಜುಮಾಡಲ್ಪಟ್ಟಿದ್ದ ವೆಚ್ಚವು ಅಷ್ಟರಲ್ಲಿ 23,251 ಕೋಟಿಗೆ ಏರಿತ್ತು. ಉದ್ಘಾಟನೆಯ ದಿನದಲ್ಲಿಯೂ ಆ ನೀರು ಚಿಕ್ಕಬಳ್ಳಾಪುರದ ಒಂದು ಕೆರೆಯನ್ನೂ ಮುಟ್ಟಿರಲಿಲ್ಲ.

ಇದರಿಂದ ತಿಳಿಯತಕ್ಕದ್ದೇನು? ಬೊಕ್ಕಸದ ಲೆಕ್ಕದಲ್ಲಿ ಹಣವು ಮಂಜೂರಾದ ದಿನವೂ ವೆಚ್ಚವಾದ ದಿನವೂ ಬರೆಯಲ್ಪಡುವುದು. ಜನಪದದ ಲೆಕ್ಕದಲ್ಲಿ ಕೊಡವು ತುಂಬಿದ ದಿನವೊಂದೇ ಬರೆಯಲ್ಪಡುವುದು. ಈ ಎರಡು ಪುಸ್ತಕಗಳು ಒಂದಕ್ಕೊಂದು ತಾಳೆಯಾಗದಿದ್ದಾಗ ಎಂತಹ ವಿದ್ವಾಂಸನೂ, ಎಂತಹ ಅನುಭವಿಯೂ ಸೋಲುವನು. ಮೊಯಿಲಿಯವರ ಉದ್ಯೋಗವು ಸಾಮಾನ್ಯವಾದುದಲ್ಲ. ಅವರ ಇಚ್ಛೆಯು ಸುಳ್ಳೆಂದು ಹೇಳಲು ಯಾರಿಗೂ ಅಧಿಕಾರವಿಲ್ಲ. ಆದರೆ ಇಚ್ಛೆಯನ್ನು ಜಮೆಯೆಂದು ಜನರು ಬರೆದುಕೊಳ್ಳುವುದಿಲ್ಲ.

ಹಾಗೆಂದು ಜನಪದವು ಕೇಳುವುದರಲ್ಲಿಯೇ ತನ್ನ ಧರ್ಮವನ್ನು ಮುಗಿಸಬಾರದು. ಕೆರೆಯ ಅಂಗಳವನ್ನು ಒತ್ತಿದವರಾರು? ರಾಜಕಾಲುವೆಯನ್ನು ಮುಚ್ಚಿದವರಾರು? ಒಂದು ಬಾವಿಯು ಬತ್ತಿದೊಡನೆ ಅದಕ್ಕಿಂತ ಆಳವಾಗಿ ಇನ್ನೊಂದನ್ನು ಕೊರೆಯಿಸಿದವರಾರು? ಇವೂ ಲೆಕ್ಕವೇ. ದಾಸೋಹದ ಉಗ್ರಾಣದಲ್ಲಿ ಬಂದ ಪ್ರತಿಯೊಂದು ಕಾಳಿಗೂ ಲೆಕ್ಕವಿರಬೇಕೆಂದು ಬಯಸುವ ಭಕ್ತಜನರು ತಮ್ಮ ಊರಿನ ಕೆರೆಯ ಲೆಕ್ಕವನ್ನು ಮರೆಯುವುದು ಯುಕ್ತವಲ್ಲ. ಘಟ್ಟದ ನೀರು ಬರುವ ದಿನಕ್ಕೆ ಅದನ್ನು ನಿಲ್ಲಿಸಿಕೊಳ್ಳಲು ಕೆರೆಯ ಏರಿಯು ಗಟ್ಟಿಯಾಗಿರಬೇಡವೆ?

ಮಂತ್ರಿಯು ಐದು ವರ್ಷಕ್ಕೊಮ್ಮೆ ಜನರಿಗೆ ಉತ್ತರ ಹೇಳುವನು. ಜನರು ತಮ್ಮ ಮಕ್ಕಳಿಗೆ ದಿನದಿನವೂ ಉತ್ತರ ಹೇಳಬೇಕಾಗಿರುವುದು. ಈ ಎರಡು ಉತ್ತರಗಳೂ ಸತ್ಯವಾಗಿರಲೆಂದೂ, ಕೆರೆಗಳು ತುಂಬಿ ಕೋಡಿ ಹರಿಯಲೆಂದೂ ಪ್ರಾರ್ಥಿಸಿ ಈ ಉಪನ್ಯಾಸವು ಶ್ರೀಗುರುಚರಣಗಳಲ್ಲಿ ಸಮರ್ಪಿಸಲ್ಪಡುತ್ತದೆ.

ಶುಭಂ ಭೂಯಾತ್.