ಕಲ್ಲಿನೊಳಗಿನ ಇಂಗಾಲ



ಮನುಷ್ಯನಿಂದ ಗಾಳಿ ಸೇರುತ್ತಿರುವ ಇಂಗಾಲದ ಡೈಆಕ್ಸೈಡಿನ ಮೂಲ ಯಾವುದು ಎಂದು ಯಾರನ್ನು ಕೇಳಿದರೂ ಕಲ್ಲಿದ್ದಲು, ಪೆಟ್ರೋಲು, ಡೀಸೆಲ್ಲು ಎಂಬ ಉತ್ತರ ಥಟ್ಟನೆ ಬರುತ್ತದೆ. ಉತ್ತರ ಸರಿಯೇ. ಕಾಡು ಕಡಿದದ್ದರ ಲೆಕ್ಕ ಬಿಟ್ಟರೂ ಜಗತ್ತು ಈಗ ವರ್ಷಕ್ಕೆ ಸುಮಾರು 3,700 ಕೋಟಿ ಟನ್ ಹೊರಬಿಡುತ್ತಿದೆ. ಅದರಲ್ಲಿ ಐದರಲ್ಲಿ ಎರಡು ಪಾಲು ಕಲ್ಲಿದ್ದಲಿನದು, ಮೂರರಲ್ಲಿ ಒಂದರಷ್ಟು ತೈಲದ್ದು, ಐದರಲ್ಲಿ ಒಂದರಷ್ಟು ನೈಸರ್ಗಿಕ ಅನಿಲದ್ದು. ಆದರೆ ಯಾವ ಇಂಧನಕ್ಕೂ ಸೇರದ ಶೇ. 4ರಷ್ಟು ಪಾಲೊಂದು ಉಳಿಯುತ್ತದೆ. ಅದು ಸಿಮೆಂಟ್ ಮಾಡಲು ಸುಡುವ ಕಲ್ಲಿನಿಂದಲೇ ಬರುವಂಥದ್ದು. ಇಂಧನ ಬದಲಿಸಿದರೆ ಇದು ಹೋಗುವುದಿಲ್ಲ. ಸಿವಿಲ್ ಎಂಜಿನಿಯರುಗಳಾದ ನಾವು ಬರೆಯುವ ವಿನ್ಯಾಸ, ನಾವು ಸಹಿ ಹಾಕುವ ಟೆಂಡರ್ ಬದಲಾದರೆ ಕಡಿಮೆಯಾಗುತ್ತದೆ. ಈ ವಿಚಾರ ಸಂಕಿರಣದ ಚರ್ಚೆ ಇಲ್ಲಿಂದ ಹೊರಡಬೇಕೆಂಬುದು ನನ್ನ ಆಶಯ.

ಕಲಬುರಗಿ ಜಿಲ್ಲೆಯ ಸೇಡಂ, ಮಳಖೇಡ, ವಾಡಿಯ ಕಾರ್ಖಾನೆಗಳಲ್ಲಿ ನಡೆಯುವುದನ್ನೇ ನೋಡಿ. ಭೀಮಾ ಕೊಳ್ಳದ ಸುಣ್ಣದಕಲ್ಲನ್ನು ಪುಡಿ ಮಾಡಿ ಕಾಯಿಸುತ್ತಾರೆ. ಉಷ್ಣತೆ 900 ಡಿಗ್ರಿ ಸೆಲ್ಸಿಯಸ್ ಸಮೀಪಿಸಿದಾಗ ಕ್ಯಾಲ್ಸಿಯಂ ಕಾರ್ಬೊನೇಟ್ ಒಡೆಯುತ್ತದೆ. 100 ಕಿಲೊ ಶುದ್ಧ ಸುಣ್ಣದಕಲ್ಲಿನಲ್ಲಿ ಉಳಿಯುವ ಸುಣ್ಣ 56 ಕಿಲೊ. ಮಿಕ್ಕ 44 ಕಿಲೊ ಇಂಗಾಲದ ಡೈಆಕ್ಸೈಡ್ ಆಗಿ ಚಿಮಣಿ ಸೇರುತ್ತದೆ. ಆ ಸುಣ್ಣ ಜೇಡಿಯೊಡನೆ 1,450 ಡಿಗ್ರಿಯಲ್ಲಿ ಬೆರೆತು ಕ್ಲಿಂಕರ್ ಎಂಬ ಬೂದುಬಣ್ಣದ ಉಂಡೆಗಳಾಗುತ್ತದೆ. ಒಂದು ಟನ್ ಕ್ಲಿಂಕರಿಗೆ ಕಲ್ಲಿನಿಂದಲೇ ಅರ್ಧ ಟನ್ನಿಗೂ ತುಸು ಹೆಚ್ಚು ಅನಿಲ ಹೊರಡುತ್ತದೆ. 50 ಕಿಲೊ ತೂಗುವ, ಬಹುಪಾಲು ಕ್ಲಿಂಕರೇ ಆಗಿರುವ ಒಪಿಸಿ (ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟ್) ಚೀಲವೊಂದನ್ನು ಎತ್ತಿದಾಗ, ಅದರ ಅರ್ಧದಷ್ಟು ತೂಕದ ಇಂಗಾಲದ ಡೈಆಕ್ಸೈಡ್ ಬರೀ ಕಲ್ಲಿನಿಂದ ಆಗಲೇ ಗಾಳಿಗೆ ಹೋಗಿರುತ್ತದೆ. ಗೂಡಿಗೆ ಹಾಕಿದ ಕಲ್ಲಿದ್ದಲಿನದು, ಗಿರಣಿಗೆ ತಗುಲಿದ ವಿದ್ಯುತ್ತಿನದು ಬೇರೆ. ಇಡೀ ಕಾರ್ಖಾನೆಯನ್ನು ನಾಳೆಯೇ ಸೌರವಿದ್ಯುತ್ತಿಗೆ ತಂದರೂ ಆ 44 ಕಿಲೊದಲ್ಲಿ ಒಂದು ಗ್ರಾಮೂ ಇಳಿಯದು. ಅದೇ ನೆಲದ ಶಹಾಬಾದ್ ಕಲ್ಲನ್ನು ಸೀಳಿ ನೆಲಕ್ಕೆ ಹಾಸಿದರೆ ಅದರೊಳಗಿನ ಇಂಗಾಲ ಕೋಟ್ಯಂತರ ವರ್ಷಗಳಿಂದ ಇದ್ದಲ್ಲೇ ಇರುತ್ತದೆ.

ಇಷ್ಟು ಸರಳವಾದದ್ದು ನಮ್ಮ ಕಣ್ಣಿಗೆ ಬೀಳದಿರಲು ಲೆಕ್ಕ ಬರೆಯುವ ಕ್ರಮವೂ ಕಾರಣ. ರಾಷ್ಟ್ರೀಯ ಲೆಕ್ಕಪಟ್ಟಿಗಳಲ್ಲಿ ಕಲ್ಲಿನಿಂದ ಬಂದದ್ದು ಕೈಗಾರಿಕಾ ಪ್ರಕ್ರಿಯೆಯ ಖಾತೆಗೆ ಹೋಗುತ್ತದೆ, ಗೂಡಿನ ಇಂಧನದ್ದು ಶಕ್ತಿ ವಲಯದ ಖಾತೆಗೆ, ವಿದ್ಯುತ್ತಿನದು ಉಷ್ಣಸ್ಥಾವರದ ಖಾತೆಗೆ. ಚೀಲ ತರಿಸಿ ಸುರಿದ ಕಟ್ಟಡದ ಹೆಸರಿನಲ್ಲಿ ಏನೂ ದಾಖಲಾಗುವುದಿಲ್ಲ. ಎರಡೆರಡು ಸಲ ಎಣಿಸದಿರಲು ಈ ವಿಂಗಡಣೆ ಬೇಕು, ಒಪ್ಪುತ್ತೇನೆ. ಆದರೆ ಅನಿಲ ಎಲ್ಲಿಂದ ಹೊರಟಿತು ಎಂಬುದು ಒಂದು ಪ್ರಶ್ನೆ, ಯಾರ ತೀರ್ಮಾನದಿಂದ ಹೊರಟಿತು ಎಂಬುದು ಇನ್ನೊಂದು. ಎರಡನೆಯದಕ್ಕೆ ಉತ್ತರ ಈ ಸಭಾಂಗಣದಲ್ಲಿದೆ.

ಬಡದೇಶದ ಮೇಲೆ ಈ ಹೊರೆ ಏಕೆ ಎಂಬ ಆಕ್ಷೇಪ ನ್ಯಾಯವಾದದ್ದು. ಭಾರತ ಸಿಮೆಂಟ್ ತಯಾರಿಕೆಯಲ್ಲಿ ಚೀನಾದ ನಂತರದ ಸ್ಥಾನದಲ್ಲಿದ್ದರೂ ತಲಾ ಬಳಕೆಯಲ್ಲಿ ಜಗತ್ತಿನ ಸರಾಸರಿಗಿಂತ ಬಹಳ ಕೆಳಗಿದೆ. ಸೋರುವ ಮನೆಯಲ್ಲಿರುವವರಿಗೆ ತಾರಸಿ ಬೇಡವೆನ್ನುವ ಹಕ್ಕು ಯಾರಿಗೂ ಇಲ್ಲ. ನಾನು ಹೇಳುತ್ತಿರುವುದು ಕಡಿಮೆ ಕಟ್ಟಿ ಎಂದಲ್ಲ, ಅದೇ ತಾರಸಿಯನ್ನು ಕಡಿಮೆ ಕ್ಲಿಂಕರಿನಲ್ಲಿ ಕಟ್ಟಿ ಎಂದು. ನಮ್ಮ ಪಿಪಿಸಿ (ಪೋರ್ಟ್‌ಲ್ಯಾಂಡ್ ಪೊಜೊಲಾನಾ) ಸಿಮೆಂಟಿನಲ್ಲಿ ಕ್ಲಿಂಕರಿನ ಬದಲು ಶೇ. 35ರವರೆಗೆ ಹಾರುಬೂದಿ ಬೆರೆಸಲು ಭಾರತೀಯ ಮಾನಕವೇ ಅವಕಾಶ ಕೊಟ್ಟಿದೆ. ಬೂದಿಗೆ ರಾಯಚೂರಿನ ಶಕ್ತಿನಗರದ ಉಷ್ಣಸ್ಥಾವರವಿದೆ, ಅದರಂತೆಯೇ ಬೆರೆಸಬಹುದಾದ ಕಬ್ಬಿಣದ ಕುಲುಮೆಯ ಸ್ಲ್ಯಾಗ್‌ಗೆ ಬಳ್ಳಾರಿಯ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಿದೆ. ಹೀಗಿದ್ದೂ ಮಾಮೂಲಿ ಎರಡಂತಸ್ತಿನ ಮನೆಗೂ 53 ಗ್ರೇಡ್ ಒಪಿಸಿಯೇ ಬೇಕೆಂಬ ಹಟ ಸೈಟುಗಳಲ್ಲಿ ಇನ್ನೂ ಇದೆ. ಬೆರಕೆ ಸಿಮೆಂಟ್ ಮೊದಲ ದಿನಗಳಲ್ಲಿ ನಿಧಾನವಾಗಿ ಬಲಿಯುತ್ತದೆ, ಸೆಂಟ್ರಿಂಗ್ ಬಿಚ್ಚಲು ಕೆಲವು ದಿನ ಹೆಚ್ಚು ಕಾಯಬೇಕು, ಕ್ಯೂರಿಂಗ್ ತಪ್ಪಿಸುವಂತಿಲ್ಲ. ಕಂಟ್ರಾಕ್ಟರಿಗೆ ಇದು ನಿಜವಾದ ಖರ್ಚು. ಅದನ್ನು ಟೆಂಡರಿನ ಅವಧಿಯಲ್ಲಿ, ದರಪಟ್ಟಿಯಲ್ಲಿ ತೋರಿಸದೆ ಅವರನ್ನು ದೂರುವುದು ಸರಿಯಲ್ಲ.

ಕಲ್ಲಿದ್ದಲು ಸ್ಥಾವರಗಳು ಮುಚ್ಚಿದ ಮೇಲೆ ಬೂದಿ ಎಲ್ಲಿಂದ ತರುತ್ತೀರಿ ಎಂದು ಕೇಳುವವರ ದೂರದೃಷ್ಟಿಯನ್ನು ಮೆಚ್ಚುತ್ತೇನೆ. ಇದಕ್ಕೆ ಉತ್ತರ ಜೇಡಿಮಣ್ಣಿನಲ್ಲಿದೆ. ಪಿಂಗಾಣಿಗೆ ಒದಗದ ಕಳಪೆ ಕಯೊಲಿನ್ ಜೇಡಿಯನ್ನು 800 ಡಿಗ್ರಿಯ ಆಸುಪಾಸಿನಲ್ಲಿ ಕಾಯಿಸಿ, ಸುಡದ ಸುಣ್ಣದಕಲ್ಲಿನ ಪುಡಿಯೊಡನೆ ಸೇರಿಸಿದರೆ ಕ್ಲಿಂಕರನ್ನು ಅರ್ಧಕ್ಕೆ ಇಳಿಸಬಹುದು. ಜೇಡಿ ಕಾಯುವಾಗ ಬಿಡುವುದು ನೀರಾವಿಯನ್ನು, ಇಂಗಾಲವನ್ನಲ್ಲ. ಎಲ್‌ಸಿ3 ಎನ್ನುವ ಈ ಸಿಮೆಂಟನ್ನು ಸ್ವಿಟ್ಜರ್ಲೆಂಡಿನ ಸಂಶೋಧಕರು ನಮ್ಮ ಐಐಟಿಗಳ ಜೊತೆ ಬೆಳೆಸಿದರು; 2023ರಲ್ಲಿ ಇದಕ್ಕೆ ಐಎಸ್ 18189 ಎಂಬ ಮಾನಕವೂ ಬಂತು.

ಕಾಂಕ್ರೀಟು ಬಿಟ್ಟದ್ದನ್ನು ತಾನೇ ಮರಳಿ ಹೀರುತ್ತದಲ್ಲ ಎಂಬ ಮಾತು ಬರಬಹುದು. ಹೀರುವುದು ನಿಜ. 2016ರಲ್ಲಿ ಪ್ರಕಟವಾದ ಅಧ್ಯಯನವೊಂದು, 1930ರಿಂದ 2013ರವರೆಗೆ ಕಲ್ಲಿನಿಂದ ಹೊರಟದ್ದರಲ್ಲಿ ಶೇ. 43ರಷ್ಟನ್ನು ಸಿಮೆಂಟ್ ವಸ್ತುಗಳು ಹೀರಿವೆ ಎಂದು ಅಂದಾಜು ಮಾಡಿತು. ಆದರೆ ಆ ಹೀರುವಿಕೆಯ ಸ್ವರೂಪ ನಮಗೆ ಗೊತ್ತಿರುವಂಥದ್ದೇ. ಆಗಷ್ಟೇ ಒಡೆದ ಕಾಂಕ್ರೀಟಿನ ಮೇಲೆ ಫಿನಾಫ್ತಲೀನ್ ಸಿಂಪಡಿಸಿದರೆ ಒಳಭಾಗ ಗುಲಾಬಿಯಾಗುತ್ತದೆ, ಅನಿಲ ಹೊಕ್ಕ ಹೊರಪದರ ಬಣ್ಣ ತಿರುಗುವುದಿಲ್ಲ. ಒಳ್ಳೆಯ ಕಾಂಕ್ರೀಟಿನಲ್ಲಿ ಆ ಪದರ ದಶಕಗಳು ಕಳೆದರೂ ತೆಳುವಾಗಿಯೇ ಇರುತ್ತದೆ. ಅದು ಕಂಬಿ ಮುಟ್ಟಿದರೆ ತುಕ್ಕು ಶುರು. ಆರ್‌ಸಿಸಿಯಲ್ಲಿ ನಾವು ತಡೆಯಲು ಹೆಣಗುವ ಕ್ರಿಯೆಯನ್ನೇ ಹವಾಮಾನದ ಪರಿಹಾರವೆಂದು ನೆಚ್ಚಿಕೊಳ್ಳಲಾಗದು. ಮೇಲಾಗಿ ಗೂಡು ಇಂದೇ ಬಿಡುವುದನ್ನು ಗೋಡೆ ಹೀರಲು ಒಂದು ತಲೆಮಾರೇ ಕಳೆಯುತ್ತದೆ. ಭೂಮಿ ಬಿಸಿಯಾಗುತ್ತಿರುವುದು ಈ ಅವಧಿಯಲ್ಲೇ.

ಹಾಗಾಗಿ ಗೋಷ್ಠಿಗಳ ಮುಂದೆ ಒಂದು ಕೆಲಸ ಇಡುತ್ತೇನೆ. ಸ್ಟ್ರಕ್ಚರಲ್ ನಕ್ಷೆಯ ಮೂಲೆಯಲ್ಲಿ ಕಾಂಕ್ರೀಟಿನ ಗ್ರೇಡ್, ಕಂಬಿಯ ಗ್ರೇಡ್ ಬರೆಯುತ್ತೇವೆ. ಅದರ ಕೆಳಗೆ, ಚದರ ಮೀಟರಿಗೆ ಎಷ್ಟು ಕಿಲೊ ಕ್ಲಿಂಕರ್ ಎಂಬ ಇನ್ನೊಂದು ಸಾಲನ್ನು ಹೇಗೆ ಲೆಕ್ಕಹಾಕಿ ಬರೆಯಬೇಕು, ಯಾವ ಬಗೆಯ ಕಟ್ಟಡಕ್ಕೆ ಎಷ್ಟು ಮಿತಿ ಇರಬೇಕು ಎಂಬುದರ ಕರಡನ್ನು ಸಮಾರೋಪದ ಹೊತ್ತಿಗೆ ಸಿದ್ಧಪಡಿಸಿಕೊಡಿ.